ಪೋಸ್ಟ್ ಗೆದ್ದಿತೋ ಸೋತಿತೋ ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ?

ಮಿಡಿ_ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ನಾನು, ಅತ್ತೆ, ಪಕ್ಕದ ಮನೆ ಅಕ್ಕ, ಇಷ್ಟೇ ಜನ. ಅಂಗಡಿ ಇಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್ ನಂಬಿಕೊಂಡೇ ವ್ಯಾಪಾರ.

ಈ ಸಲ ಮಿಡಿ ಸೀಸನ್‌ನಲ್ಲಿ ಹಾಕಿದ ಎರಡು ಪೋಸ್ಟ್ ಮನೆಯಲ್ಲಿ ದೊಡ್ಡ ವಾದಕ್ಕೆ ಕಾರಣವಾಗಿವೆ. ಒಂದು ರೀಲ್. ಅತ್ತೆ ಭರಣಿಗೆ ಸೌಟು ಹಾಕಿ ಮಿಡಿ ಎತ್ತುತ್ತಾರೆ, ಕೆಂಪು ರಸ ತೊಟ್ಟಿಕ್ಕುತ್ತದೆ, ಹಿಂದೆ ಆ ವಾರ ಎಲ್ಲರೂ ಹಾಕುತ್ತಿದ್ದ ಹಾಡು. ಮೂರು ಲಕ್ಷ ವ್ಯೂಸ್ ದಾಟಿತು. ಆದರೆ ಅದನ್ನು ನೋಡಿ ಬಾಟಲಿ ಕೇಳಿದವರು ಬೆರಳೆಣಿಕೆಯಷ್ಟು. ಕಾಮೆಂಟಿನಲ್ಲಿ ಬಾಯಲ್ಲಿ ನೀರೂರುವ ಇಮೋಜಿಗಳೇ ಜಾಸ್ತಿ, ಮಿಕ್ಕವರು ಹಿಂದಿಯಲ್ಲಿ "ಇದು ಯಾವ ಕಾಯಿ" ಅಂತ ಕೇಳಿದ್ದಾರೆ.

ಇನ್ನೊಂದು ಸುಮ್ನೆ ನಾಲ್ಕು ಫೋಟೋ. ಮಿಡಿಯನ್ನು ತೊಟ್ಟು ಸಮೇತ ಯಾಕೆ ಕೊಯ್ಯಬೇಕು, ನೆಲಕ್ಕೆ ಬಿದ್ದು ಪೆಟ್ಟಾದ ಕಾಯಿಯನ್ನು ಯಾಕೆ ಹಾಕಬಾರದು, ಕಲ್ಲುಪ್ಪಿನಲ್ಲಿ ಎಷ್ಟು ಸುಕ್ಕಾದ ಮೇಲೆ ಮಸಾಲೆ ಕಲಸಬೇಕು ಅಂತ ಬರೆದಿದ್ದೆ. ಕೊನೆಯಲ್ಲಿ ತೂಕ, ಬೆಲೆ, ನಂಬರ್. ಲೈಕ್ ನೂರೂ ದಾಟಲಿಲ್ಲ. ಆದರೆ ಅದನ್ನು ನೋಡಿ ಬಂದ ಆರ್ಡರಿಗೇ ಭರಣಿ ಪೂರ್ತಿ ಖಾಲಿಯಾಯಿತು.

ಮಗಳು ಎರಡನೆಯದು ಫ್ಲಾಪ್ ಅನ್ನುತ್ತಾಳೆ. ಯಜಮಾನರು ಇನ್ನು ರೀಲನ್ನೇ ಮಾಡು ಅನ್ನುತ್ತಾರೆ. ನಿಮ್ಮಲ್ಲಿ ಬಹಳ ಜನ ಬರೆಯುವವರು, ವಿಡಿಯೋ ಮಾಡುವವರು ಇದ್ದೀರಿ. ಒಂದು ಪೋಸ್ಟ್ ಚೆನ್ನಾಗಿ ಹೋಯಿತು ಅಂತ ನೀವು ಯಾವುದನ್ನು ನೋಡಿ ಹೇಳುತ್ತೀರಿ?

ಜೋಳದ_ರೊಟ್ಟಿ

ಅಕ್ಕಾರೆ, ಚರ್ಚೆ ಆಮೇಲೆ. ಒಂದು ಬಾಟಲಿ ಉಳಿದಿದೆಯೇನ್ರೀ? ಧಾರವಾಡಕ್ಕೆ ಕಳಿಸುತ್ತೀರಾ?

ಅಂಕಿ_ಲೆಕ್ಕ

ನನ್ನ ಕೆಲಸವೇ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೂರು ಲಕ್ಷ ವ್ಯೂಸ್ ಅಂದರೆ ಮೂರು ಲಕ್ಷ ಜನ ಅಲ್ಲ ಮೇಡಂ. ಒಬ್ಬರೇ ಎರಡು ಸಲ ನೋಡಿದರೂ ಎರಡು ವ್ಯೂ. ಎಷ್ಟು ಖಾತೆಗಳಿಗೆ ತಲುಪಿತು ಅನ್ನುವ ಸಂಖ್ಯೆ ಬೇರೆ ಇರುತ್ತದೆ. ಅದಕ್ಕೇ ರೀಚ್ ಅನ್ನುವುದು. ನಿಮ್ಮದು ಪ್ರೊಫೆಷನಲ್ ಅಕೌಂಟ್ ಆಗಿದ್ದರೆ ಇನ್‌ಸೈಟ್ಸ್ ತೆರೆದು ನೋಡಿ. ತಲುಪಿದವರಲ್ಲಿ ನಿಮ್ಮನ್ನು ಫಾಲೋ ಮಾಡುವವರು ಎಷ್ಟು, ಮಾಡದವರು ಎಷ್ಟು, ಯಾವ ಊರುಗಳವರು ಅಂತ ಸಿಗುತ್ತದೆ. ನಿಮ್ಮ ಪಾರ್ಸೆಲ್ ಹೋಗದ ಊರುಗಳಲ್ಲಿ ಓಡಿದ ರೀಲ್ ನಿಮ್ಮ ಲೆಕ್ಕಕ್ಕೆ ಬಾರದು.

ಇನ್ನೊಂದು ವಿಷಯ. ವ್ಯೂ ಅಂದರೆ ಏನು ಅನ್ನುವುದು ಎಲ್ಲ ಕಡೆ ಒಂದೇ ಅಲ್ಲ. ಫೇಸ್‌ಬುಕ್‌ನಲ್ಲಿ ಬಹಳ ಕಾಲ 3 ಸೆಕೆಂಡ್ ಓಡಿದರೆ ಒಂದು ವ್ಯೂ ಅಂತಿತ್ತು. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೋ ಶುರುವಾದರೆ ಸಾಕು, ಲೆಕ್ಕಕ್ಕೆ ಬರುತ್ತದೆ. ಆಮೇಲೆ ಎಷ್ಟೋ ಜನರ ಸಂಖ್ಯೆ ಒಮ್ಮೆಲೇ ಏರಿತು. ವಿಡಿಯೋ ಹಾಗೇ ಇತ್ತು, ಎಣಿಸುವ ರೀತಿ ಬದಲಾಗಿತ್ತು ಅಷ್ಟೇ.

ನಿಮ್ಮ ಫೋಟೋ ಪೋಸ್ಟಿನಲ್ಲಿ ಲೈಕ್ ಬಿಡಿ, ಸೇವ್ ಎಷ್ಟು, ಶೇರ್ ಎಷ್ಟು ಅಂತ ನೋಡಿ ಹೇಳಿ.

ನಮ್ಮೂರ_ಹುಡುಗ

ಎಲ್ಲರೂ ವ್ಯೂಸ್ ಅಂದರೆ ಕೇವಲವಾಗಿ ನೋಡುತ್ತಾರೆ. ನಾನು ಒಪ್ಪುವುದಿಲ್ಲ. ಆ ರೀಲ್ ಓಡದೇ ಇದ್ದಿದ್ದರೆ ಫೋಟೋ ಪೋಸ್ಟ್ ನೋಡುವುದಕ್ಕೆ ಜನ ಎಲ್ಲಿಂದ ಬರುತ್ತಿದ್ದರು? ಮೊದಲು ಕಣ್ಣಿಗೆ ಬೀಳಬೇಕು, ಆಮೇಲೆ ಉಳಿದದ್ದು. ನನಗೆ ಮೊದಲ ಪ್ರಾಯೋಜಕರು ಸಿಕ್ಕಿದ್ದೇ ವ್ಯೂಸ್ ನೋಡಿ. ಯಾರೂ ಬಂದು ನಿನ್ನ ಸೇವ್ ಎಷ್ಟು ಅಂತ ಕೇಳಲಿಲ್ಲ.

ಮಿಡಿ_ಮನೆ

@ಅಂಕಿ_ಲೆಕ್ಕ ನೋಡಿದೆ ಸರ್. ಫೋಟೋ ಪೋಸ್ಟಿಗೆ ಲೈಕಿಗಿಂತ ಸೇವ್ ಜಾಸ್ತಿ ಇದೆ! ಶೇರ್ ಕೂಡ ಲೈಕಿನ ಹತ್ತಿರ ಹತ್ತಿರ ಇದೆ. ಇದನ್ನು ನಾನು ತೆರೆದೇ ನೋಡಿರಲಿಲ್ಲ.

@ನಮ್ಮೂರ_ಹುಡುಗ ನಿನ್ನ ಮಾತಿನಲ್ಲೂ ಹುರುಳಿದೆ ತಮ್ಮಾ. ಆದರೆ ಆರ್ಡರ್ ಮಾಡಿದವರನ್ನು ಎಲ್ಲಿ ನೋಡಿದಿರಿ ಅಂತ ಕೇಳಿದ್ದೆ. ಬಹಳ ಜನ ಹೇಳಿದ್ದು, ಯಾರೋ ಚಿಕ್ಕಮ್ಮನೋ ಅತ್ತಿಗೆಯೋ ಮನೆಯ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದರು ಅಂತ.

ಗಣಿತದ_ಮೇಷ್ಟ್ರು

ನಾನು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಯೂಟ್ಯೂಬ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಮಟ್ಟಿಗೆ ವ್ಯೂಸ್ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಫೆಬ್ರವರಿ, ಮಾರ್ಚ್ ಬಂದರೆ ಯಾವ ವಿಡಿಯೋಕ್ಕಾದರೂ ವ್ಯೂಸ್ ಏರುತ್ತದೆ. ಪರೀಕ್ಷೆ ಮುಗಿದ ಮರುದಿನ ಇಳಿಯುತ್ತದೆ. ಅದು ನನ್ನ ಪಾಠದ ಗುಣ ಅಲ್ಲ, ಕ್ಯಾಲೆಂಡರಿನ ಗುಣ.

ನಾನು ನೋಡುವುದು ಆಡಿಯನ್ಸ್ ರಿಟೆನ್ಷನ್ ಗ್ರಾಫ್. ವಿಡಿಯೋದ ಯಾವ ನಿಮಿಷದಲ್ಲಿ ಎಷ್ಟು ಜನ ಉಳಿದರು ಅಂತ ಒಂದು ಗೆರೆ ಬರುತ್ತದೆ. ಸಾಮಾನ್ಯವಾಗಿ ಇಳಿಯುತ್ತಾ ಹೋಗುತ್ತದೆ. ಆದರೆ ನಡುವೆ ಒಂದೊಂದು ಕಡೆ ಗೆರೆ ಉಬ್ಬುತ್ತದೆ. ಅಂದರೆ ಮಕ್ಕಳು ಹಿಂದಕ್ಕೆ ಎಳೆದು ಆ ಜಾಗವನ್ನು ಮತ್ತೆ ನೋಡಿದ್ದಾರೆ. ಥೇಲ್ಸ್ ಪ್ರಮೇಯದ ವಿಡಿಯೋದಲ್ಲಿ, ತ್ರಿಭುಜಗಳ ವಿಸ್ತೀರ್ಣದ ಅನುಪಾತ ಬರೆಯುವ ಹೆಜ್ಜೆಯಲ್ಲಿ ಇಂಥ ಉಬ್ಬು ಇತ್ತು. ಕಾಮೆಂಟ್ ನೋಡಿದರೆ "ಸರ್, ಎರಡು ತ್ರಿಭುಜಕ್ಕೂ ಎತ್ತರ ಒಂದೇ ಹೇಗೆ?" ಅಂತ ಇಬ್ಬರು ಮಕ್ಕಳು ಕೇಳಿದ್ದರು. ಆ ಎತ್ತರದ ಗೆರೆಯನ್ನು ಬೇರೆ ಬಣ್ಣದಲ್ಲಿ ಎಳೆದು, ತ್ರಿಭುಜವನ್ನು ಸ್ವಲ್ಪ ತಿರುಗಿಸಿ ತೋರಿಸಿ ಹೊಸ ವಿಡಿಯೋ ಮಾಡಿದೆ. ಅದರಲ್ಲಿ ಉಬ್ಬು ಇಲ್ಲ. ನನಗೆ ಗೆಲುವು ಅಂದರೆ ಅದು.

ರಾತ್ರಿ_ಪಾಳಿ

ಮೇಷ್ಟ್ರೇ, ಬಹಳ ಒಳ್ಳೆಯ ಮಾತು. ಆದರೆ ಬೇರೆ ವಿಡಿಯೋದಲ್ಲಿ ಅದೇ ಉಬ್ಬು ಬಂದರೆ ಜನ ಆ ತುಣುಕನ್ನು ಇಷ್ಟಪಟ್ಟು ಮತ್ತೆ ನೋಡಿದರು ಅಂತ ಅರ್ಥ ಬರುತ್ತದೆ ಅಲ್ವಾ? ಒಂದೇ ಗೆರೆ, ಎರಡು ಅರ್ಥ.

ಗಣಿತದ_ಮೇಷ್ಟ್ರು

ಖಂಡಿತ. ಅದಕ್ಕೇ ಗೆರೆ ಒಂದನ್ನೇ ನಂಬುವುದಿಲ್ಲ, ಪಕ್ಕದಲ್ಲಿ ಕಾಮೆಂಟ್ ಇಟ್ಟುಕೊಂಡು ಓದುತ್ತೇನೆ.

ಕವಿತೆ_ಪುಟ

ಬರೆಯುವವರ ಲೋಕದ ಕಥೆ ಬೇರೆ. ನಮ್ಮಲ್ಲಿ ಲೈಕ್ ಅಂದರೆ ಮದುವೆಯ ಮುಯ್ಯಿ ಇದ್ದ ಹಾಗೆ. ಅವರು ನಮ್ಮ ಕವಿತೆಗೆ ಹಾಕಿದರೆ ನಾವು ಅವರ ಕವಿತೆಗೆ ಹಾಕಬೇಕು. ಹಾಕದಿದ್ದರೆ ಮನಸ್ಸಿನಲ್ಲಿ ಉಳಿಯುತ್ತದೆ. ಓದದೆಯೇ "ಚಂದ", "ಸೊಗಸು", "ವಾಹ್" ಅಂತ ಬರೆದು ಹೋಗುವವರು ಎಷ್ಟು ಜನ! ಬೆಳಿಗ್ಗೆ ನಾಲ್ಕು ಪುಟದ ಲೇಖನ ಹಾಕಿದರೆ ಅರ್ಧ ನಿಮಿಷದಲ್ಲಿ "ಅದ್ಭುತ ಬರಹ" ಅಂತ ಬರುತ್ತದೆ.

ನನಗೆ ಒಂದೇ ಒಂದು ನಂಬಿಕೆಯ ಗುರುತು ಇದೆ. ಓದಿದವರು ನಾನು ಬರೆದದ್ದರಲ್ಲಿ ಒಂದು ಸಾಲನ್ನು ಹಿಡಿದು ಮಾತಾಡಬೇಕು. "ಈ ಸಾಲು ಸರಿಯಿಲ್ಲ" ಅಂದರೂ ಸರಿ. ಅಂಥ ಒಂದು ಕಾಮೆಂಟ್ ಬಂದರೆ ಆ ಕವಿತೆ ಯಾರಿಗೋ ಮುಟ್ಟಿತು ಅಂತ ಅರ್ಥ.

ಹಳೇ_ಕಾಲದವ

2005ರಲ್ಲಿ ಸಂಪದ ಅನ್ನುವ ಕನ್ನಡ ಜಾಲತಾಣ ಶುರುವಾದಾಗಿನಿಂದ ಕನ್ನಡದ ಅಂತರ್ಜಾಲ ನೋಡುತ್ತಿದ್ದೇನೆ. ಆಗ ಫೇಸ್‌ಬುಕ್‌ನ ಲೈಕ್ ಬಟನ್ ಇನ್ನೂ ಹುಟ್ಟಿರಲಿಲ್ಲ, ಅದು ಬಂದಿದ್ದು 2009ರಲ್ಲಿ. ಏನಾದರೂ ಹೇಳಬೇಕು ಅಂದರೆ ಬರೆಯಲೇಬೇಕಿತ್ತು. ಕನ್ನಡದಲ್ಲಿ ಟೈಪ್ ಮಾಡುವುದೇ ಒಂದು ಸಾಹಸ, ಆದರೂ ಜನ ಪ್ಯಾರಾಗಟ್ಟಲೆ ವಾದ ಮಾಡುತ್ತಿದ್ದರು.

ಕವಿತೆ_ಪುಟ

ಹೌದು ಸರ್. ಆದರೆ ಆಗ ಬರೆಯದೇ ಸುಮ್ನೆ ಓದಿ ಹೋದವರು ಇದ್ದರೋ ಇಲ್ಲವೋ ಅಂತ ಗೊತ್ತಾಗುತ್ತಲೇ ಇರಲಿಲ್ಲ. ನಮ್ಮ ಅಮ್ಮನಿಗೆ ಟೈಪ್ ಮಾಡಲು ಬರುವುದಿಲ್ಲ. ಅವರ ಒಂದು ಹೆಬ್ಬೆರಳು ನನಗೆ ಸಾಕು. ಲೈಕ್ ಪೂರ್ತಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ.

ಕರಾವಳಿ_ಚೆಂಡೆ

ನಾನು ಪುತ್ತೂರಿನ ಕಡೆಯವ. ಯಕ್ಷಗಾನದ ತುಣುಕುಗಳ ಪುಟ ನಡೆಸುತ್ತೇನೆ. ಮಾರಾಯ್ರೆ, ಇಲ್ಲಿ ಲೈಕಿನ ಸಮಸ್ಯೆ ಬರೀ ಲೆಕ್ಕದ್ದಲ್ಲ. ಅದು ಆಟವನ್ನೇ ಬದಲಾಯಿಸುತ್ತಿದೆ.

ಚೆಂಡೆ ಏರಿ, ವೇಷ ಧೀಂಗಿಣ ಹೊಡೆಯುವ, ಅಂದರೆ ಗಿರಗಿರ ಸುತ್ತಿ ಕುಣಿಯುವ ಅರ್ಧ ನಿಮಿಷ ಹಾಕಿದರೆ ಓಡುತ್ತದೆ. ಅದೇ ಪ್ರಸಂಗದಲ್ಲಿ ಕರ್ಣ ಮತ್ತು ಕೃಷ್ಣ ನಿಂತು ಮಾತಾಡುವ ಭಾಗ ಹಾಕಿದರೆ ಅಲ್ಲೇ ನಿಲ್ಲುತ್ತದೆ. ವೇಷ, ಕುಣಿತ ಇಲ್ಲದೆ ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಂತೂ ಕೇಳಬೇಡಿ. ಕುಳಿತು ಅರ್ಥ ಹೇಳುವವರನ್ನು ಫೋನಿನಲ್ಲಿ ಅರ್ಧ ನಿಮಿಷ ನೋಡಿದವರಿಗೆ ಏನೂ ಸಿಗುವುದಿಲ್ಲ, ಯಾಕೆಂದರೆ ಆ ಮಾತು ಕಟ್ಟುವುದಕ್ಕೇ ಕಾಲು ಗಂಟೆ ಬೇಕು. ಈಗ ಏನಾಗಿದೆ ಅಂದರೆ ರಂಗಸ್ಥಳದ ಮುಂದೆ ಫೋನ್ ಎತ್ತಿದ ಕೈಗಳು ಎಲ್ಲಿ ಏಳುತ್ತವೆ, ಎಲ್ಲಿ ಇಳಿಯುತ್ತವೆ ಅಂತ ಕಲಾವಿದರಿಗೆ ಕಾಣುತ್ತದೆ. ಹೊಸ ಹುಡುಗರು ಸುತ್ತು ಜಾಸ್ತಿ ಮಾಡುತ್ತಾರೆ. ಅವರ ತಪ್ಪಲ್ಲ ಅದು. ಅವರ ಹೆಸರು ಊರು ದಾಟುವುದು ಆ ಅರ್ಧ ನಿಮಿಷದಿಂದ.

ನಮ್ಮೂರ_ಹುಡುಗ

ಅಣ್ಣಾ, ಆ ಅರ್ಧ ನಿಮಿಷ ನೋಡಿಯೇ ಎಷ್ಟೋ ಹುಡುಗರು ಮೊದಲ ಸಲ ಆಟಕ್ಕೆ ಬರುತ್ತಾರೆ. ಘಟ್ಟದ ಮೇಲಿನ ನಾನು ಯಕ್ಷಗಾನ ನೋಡಲು ಶುರು ಮಾಡಿದ್ದೇ ಹಾಗೆ.

ಕರಾವಳಿ_ಚೆಂಡೆ

ಸಂತೋಷ. ಬಂದು ಬೆಳಗಿನವರೆಗೆ ಕುಳಿತಿರಾ, ಇಲ್ಲ ಧೀಂಗಿಣ ಮುಗಿದ ಮೇಲೆ ಎದ್ದು ಹೋದಿರಾ? ನನಗೆ ಅದು ಮುಖ್ಯ. ಈಗಂತೂ ಕಾಲಮಿತಿಯ ಆಟಗಳು, ಅಷ್ಟು ಹೊತ್ತು ಕೂರುವುದೂ ಕಷ್ಟವಲ್ಲ.

ನಮ್ಮೂರ_ಹುಡುಗ

ಪೂರ್ತಿ ಕುಳಿತೆ ಅಣ್ಣಾ. ನಿಜವಾಗಿ.

ರಾತ್ರಿ_ಪಾಳಿ

ಚೆಂಡೆಯವರು ಹೇಳಿದ್ದು ಸುದ್ದಿಮನೆಯಲ್ಲೂ ಆಗಿದೆ. ಹಿಂದೆ ಒಂದು ಸುದ್ದಿ ತಾಣದಲ್ಲಿ ಕೆಲಸ ಮಾಡುತ್ತಿದ್ದೆ. ಗೋಡೆಗೆ ದೊಡ್ಡ ಪರದೆ. ಈ ಕ್ಷಣ ಯಾವ ಸುದ್ದಿಯನ್ನು ಎಷ್ಟು ಜನ ಓದುತ್ತಿದ್ದಾರೆ ಅಂತ ಅಂಕಿ ಕುಣಿಯುತ್ತಿರುತ್ತದೆ. ಕೆರೆ ಒತ್ತುವರಿಯ ಬಗ್ಗೆ ವಾರವಿಡೀ ಓಡಾಡಿ ತಂದ ವರದಿ ಕೆಳಗೆ, ನಟಿಯೊಬ್ಬರ ಸೀರೆಯ ಫೋಟೋ ಮೇಲೆ. ತಿಂಗಳ ಕೊನೆಗೆ ನಮ್ಮ ಕೆಲಸ ಅಳೆಯುವುದೂ ಅದೇ ಅಂಕಿಯಿಂದ. "ಮುಂದೇನಾಯ್ತು ನೋಡಿ" ಅನ್ನುವ ತಲೆಬರಹಗಳು ಎಲ್ಲಿಂದ ಹುಟ್ಟಿದವು ಅಂತ ಈಗ ಗೊತ್ತಾಯಿತಲ್ಲ.

ಯೂಟ್ಯೂಬ್‌ನವರಿಗೂ ಇದೇ ಕಾಟವಿತ್ತು. ವ್ಯೂಸ್ ಏರಿಸಲು ಜನ ಸುಳ್ಳು ಥಂಬ್‌ನೇಲ್ ಹಾಕುತ್ತಿದ್ದರು. 2012ರಲ್ಲಿ ಅವರು ಶಿಫಾರಸಿನ ಅಳತೆಯನ್ನು ವ್ಯೂಸ್‌ನಿಂದ ವಾಚ್ ಟೈಮಿಗೆ, ಅಂದರೆ ಜನ ಒಟ್ಟು ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಬದಲಾಯಿಸಿದರು. ಆಗ ಜನ ಮೂರು ನಿಮಿಷದ ವಿಷಯವನ್ನು ಹತ್ತು ನಿಮಿಷಕ್ಕೆ ಎಳೆಯುವುದನ್ನು ಕಲಿತರು.

ಅಂಕಿ_ಲೆಕ್ಕ

ಇದಕ್ಕೆ ನಮ್ಮ ಕ್ಷೇತ್ರದಲ್ಲಿ ಗುಡ್‌ಹಾರ್ಟ್ ನಿಯಮ ಅನ್ನುತ್ತಾರೆ. ಚಾರ್ಲ್ಸ್ ಗುಡ್‌ಹಾರ್ಟ್ ಅಂತ ಬ್ರಿಟನ್ನಿನ ಅರ್ಥಶಾಸ್ತ್ರಜ್ಞರು 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದು. ಯಾವುದನ್ನು ಅಳತೆ ಅಂತ ಇಟ್ಟುಕೊಂಡಿದ್ದೀರೋ ಅದನ್ನೇ ಗುರಿ ಮಾಡಿದರೆ ಆ ಅಳತೆ ಕೆಡುತ್ತದೆ.

ಇದರಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸುವ ಉದಾಹರಣೆ ಫೇಸ್‌ಬುಕ್‌ನದು. 2017ರಿಂದ ಕೆಲವು ವರ್ಷ ಅವರ ಲೆಕ್ಕದಲ್ಲಿ ಲೈಕಿಗೆ ಒಂದು ಅಂಕ ಇದ್ದರೆ, ಕೋಪದ ಮುಖ ಸೇರಿ ಉಳಿದ ಇಮೋಜಿಗಳಿಗೆ ಐದು ಅಂಕ. ಅಂದರೆ ನೀವು ಸಿಟ್ಟಾಗಿ ಒತ್ತಿದ ಮುಖ ಆ ಪೋಸ್ಟನ್ನು ಇನ್ನಷ್ಟು ಜನರ ಮುಂದೆ ತಳ್ಳುತ್ತಿತ್ತು. ಕೋಪದ ಮುಖಕ್ಕೆ ಸೊನ್ನೆ ಅಂಕ ಅಂತ ಮಾಡಿದ್ದು 2020ರಲ್ಲಿ. ಇದೆಲ್ಲ ಜನರಿಗೆ ಗೊತ್ತಾಗಿದ್ದು 2021ರಲ್ಲಿ, ಕಂಪನಿಯ ಒಳಗಿನ ಕಾಗದಪತ್ರಗಳು ಹೊರಬಂದಾಗ.

ಹಾಗಾಗಿ ನನ್ನ ಪೋಸ್ಟಿಗೆ ಭಾರೀ ಪ್ರತಿಕ್ರಿಯೆ ಬಂತು ಅನ್ನುವವರು ಯಾವ ಪ್ರತಿಕ್ರಿಯೆ ಅಂತ ಮೊದಲು ನೋಡಬೇಕು. ಇನ್ನೂರು ಕಾಮೆಂಟಿನಲ್ಲಿ ನೂರೈವತ್ತು ಬೈಗುಳ ಇದ್ದರೂ ಇನ್‌ಸೈಟ್ಸ್‌ನಲ್ಲಿ ಅದು ಎಂಗೇಜ್‌ಮೆಂಟ್, ಅಂದರೆ ಜನ ತೊಡಗಿಕೊಂಡರು ಅನ್ನುವ ಲೆಕ್ಕ.

ಪಿಯುಸಿ_ಅಮ್ಮ

ಎಲ್ಲರೂ ವ್ಯಾಪಾರ, ಕಲೆ ಅಂತ ಮಾತಾಡುತ್ತಿದ್ದೀರಿ. ನನ್ನದು ಬೇರೆ ಸಂಕಟ. ಮಗಳು ಇನ್‌ಸ್ಟಾದಲ್ಲಿ ಫೋಟೋ ಹಾಕುತ್ತಾಳೆ. ಒಂದು ಗಂಟೆಯೊಳಗೆ ಅವಳು ಅಂದುಕೊಂಡಷ್ಟು ಲೈಕ್ ಬರದಿದ್ದರೆ ಅಳಿಸಿಬಿಡುತ್ತಾಳೆ. ಮೊನ್ನೆ ಅಜ್ಜಿಯ ಜೊತೆ ಇದ್ದ ಫೋಟೋ ಹಾಕಿದ್ದಳು. ಬಹಳ ಚಂದದ ಫೋಟೋ. ಅಜ್ಜಿ ನನ್ನ ಫೋನಿನಲ್ಲಿ ನೋಡಿ ಖುಷಿಪಟ್ಟಿದ್ದರು. ಸಂಜೆ ಇನ್ನೊಮ್ಮೆ ತೋರಿಸು ಅಂದರೆ ಇಲ್ಲವೇ ಇಲ್ಲ. ಕೇಳಿದರೆ "ಓಡಲಿಲ್ಲ ಅಮ್ಮ" ಅಂದಳು.

ಅಜ್ಜಿಗೆ ಏನು ಹೇಳಲಿ ನಾನು?

ಗಣಿತದ_ಮೇಷ್ಟ್ರು

ಓದಿ ಬೇಜಾರಾಯಿತು ಅಮ್ಮಾ. ಶಾಲೆಯಲ್ಲೂ ನೋಡುತ್ತೇವೆ ಇದನ್ನು. ಗೆಳತಿಗೆ ಬಂದಷ್ಟು ನನಗೆ ಬರಲಿಲ್ಲ ಅನ್ನುವುದೇ ಅವರ ಲೆಕ್ಕ. ಮಗುವನ್ನು ಬೈಯಬೇಡಿ.

ಅಂಕಿ_ಲೆಕ್ಕ

ಒಂದು ಸಣ್ಣ ಸಹಾಯ ಆಗಬಹುದು. ಇನ್‌ಸ್ಟಾಗ್ರಾಂ 2019ರಲ್ಲಿ ಹಲವು ದೇಶಗಳಲ್ಲಿ ಲೈಕ್ ಸಂಖ್ಯೆ ಮುಚ್ಚಿಡುವ ಪ್ರಯೋಗ ಮಾಡಿತು. 2021ರಲ್ಲಿ ಅದನ್ನು ಎಲ್ಲರ ಇಷ್ಟಕ್ಕೆ ಬಿಟ್ಟಿತು. ಸೆಟ್ಟಿಂಗ್ಸ್‌ನಲ್ಲಿ ಲೈಕ್ ಸಂಖ್ಯೆ ಮರೆಮಾಡುವ ಆಯ್ಕೆ ಇದೆ. ಬೇರೆಯವರ ಪೋಸ್ಟಿನ ಸಂಖ್ಯೆ ಅವಳಿಗೆ ಕಾಣದ ಹಾಗೂ ಮಾಡಬಹುದು, ಅವಳ ಪೋಸ್ಟಿನದು ಬೇರೆಯವರಿಗೆ ಕಾಣದ ಹಾಗೂ ಮಾಡಬಹುದು. ತನ್ನದು ತನಗೆ ಕಾಣುತ್ತದೆ, ಆದರೆ ಹೋಲಿಕೆಯ ಕಾಟ ಸ್ವಲ್ಪ ಕಡಿಮೆ ಆಗುತ್ತದೆ. ನೀವೇ ಮಾಡಬೇಡಿ, ಅವಳನ್ನು ಕೂರಿಸಿಕೊಂಡು ಅವಳ ಕೈಯಲ್ಲೇ ಮಾಡಿಸಿ.

ಮೊದಲ ಒಂದು ಗಂಟೆ ನೋಡಿ ತೀರ್ಮಾನಿಸುವುದು ಬೇರೆ ಕಾರಣಕ್ಕೂ ಸರಿಯಲ್ಲ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಸುದ್ದಿ ಹಂಚಿಕೊಳ್ಳುವ ಒಂದು ಜಾಲತಾಣದಲ್ಲಿ ಕೆಲವು ಕಾಮೆಂಟುಗಳಿಗೆ ಸುಮ್ನೆ ಒಂದು ಮೆಚ್ಚುಗೆಯನ್ನು ಮೊದಲೇ ಕೊಟ್ಟು ನೋಡಿದರು. ಯಾವ ಕಾಮೆಂಟಿಗೆ ಅಂತ ಚೀಟಿ ಎತ್ತಿದ ರೀತಿ ಆರಿಸಿದ್ದು, ಗುಣ ನೋಡಿ ಅಲ್ಲ. ಕೊನೆಗೆ ಆ ಕಾಮೆಂಟುಗಳ ಅಂಕ ಸರಾಸರಿ 25 ಶೇಕಡ ಜಾಸ್ತಿ ಇತ್ತು. ಮೊದಲು ಯಾರು ಬಂದು ಒತ್ತಿದರು ಅನ್ನುವ ಅದೃಷ್ಟವೇ ಅಷ್ಟು ದೂರ ಎಳೆಯುತ್ತದೆ.

ಪಿಯುಸಿ_ಅಮ್ಮ

ಧನ್ಯವಾದ ಸರ್. ಈ ಅಧ್ಯಯನದ ವಿಷಯ ಅವಳಿಗೆ ಹೇಳುತ್ತೇನೆ. ವಿಜ್ಞಾನದ ವಿದ್ಯಾರ್ಥಿನಿ, ಈ ಭಾಷೆ ಅವಳಿಗೆ ಹಿಡಿಸುತ್ತದೆ.

ಜೋಳದ_ರೊಟ್ಟಿ

ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕುತ್ತೀರೇನ್ರೀ? ನಮ್ಮ ಕಡೆ ಮಾವಿನಕಾಯಿ ಹೆಚ್ಚಿ ಹಾಕುವಾಗ ಎಣ್ಣೆ ಬೇಕೇ ಬೇಕು.

ಮಿಡಿ_ಮನೆ

ಹಾಕುವುದಿಲ್ಲ. ಉಪ್ಪಿನಲ್ಲಿ ಬಿಟ್ಟುಕೊಂಡ ನೀರನ್ನೇ ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ ಮೆಣಸು ಅರೆದು ಕಲಸುತ್ತೇವೆ. ಒಳ್ಳೆಯ ಜಾತಿಯ ಮಿಡಿಯಾದರೆ ಸೊನೆಯ ಪರಿಮಳವೇ ಸಾಕು, ಎಣ್ಣೆ ಅದನ್ನು ಮುಚ್ಚುತ್ತದೆ.

ಹಳೇ_ಕಾಲದವ

ಅನಂತಭಟ್ಟನ ಅಪ್ಪೆ ಅನ್ನುವ ಮಿಡಿ ಜಾತಿ ಸಿಗುತ್ತದಾ ಈಗ?

ನಿರ್ವಾಹಕ

ದಯವಿಟ್ಟು ಉಪ್ಪಿನಕಾಯಿಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಚರ್ಚೆ ಚೆನ್ನಾಗಿ ನಡೆಯುತ್ತಿದೆ, ಮುಂದುವರಿಯಲಿ.

ರಕ್ತದ_ಗುಂಪು

ಇಲ್ಲಿ ಎಲ್ಲರೂ ಶೇರ್ ಜಾಸ್ತಿ ಆದರೆ ಒಳ್ಳೆಯದು ಅಂತ ಭಾವಿಸಿದ್ದೀರಿ. ನಮ್ಮ ಕೆಲಸದಲ್ಲಿ ಶೇರ್ ಏರುವುದು ಎಷ್ಟೋ ಸಲ ತೊಂದರೆ.

ನಾವು ಕೆಲವು ಗೆಳೆಯರು ಸೇರಿ ರಕ್ತದಾನಿಗಳನ್ನು ಹುಡುಕಿಕೊಡುತ್ತೇವೆ. "ಓ ನೆಗೆಟಿವ್ ತುರ್ತಾಗಿ ಬೇಕು" ಅಂತ ಪೋಸ್ಟ್ ಹಾಕಿದರೆ ನಮಗೆ ಗೆಲುವು ಅಂದರೆ ಇಬ್ಬರು ದಾನಿಗಳು ಬಂದರು, ಕೆಲಸ ಆಯಿತು. ಅಷ್ಟೇ. ಆದರೆ ಪೋಸ್ಟ್ ಅಲ್ಲಿಗೆ ನಿಲ್ಲುವುದಿಲ್ಲ. ದಿನಾಂಕ ಇಲ್ಲದ ಪೋಸ್ಟ್ ವರ್ಷಗಟ್ಟಲೆ ತಿರುಗುತ್ತದೆ. ರೋಗಿ ಗುಣವಾಗಿ ಮನೆಗೆ ಹೋಗಿರುತ್ತಾರೆ, ಇಲ್ಲವೇ ತೀರಿಹೋಗಿರುತ್ತಾರೆ. ಆ ಮನೆಯವರಿಗೆ ನಡುರಾತ್ರಿ ಫೋನ್ ಬರುತ್ತದೆ, "ರಕ್ತ ಬೇಕಿತ್ತಂತೆ?" ಅಂತ. ಅಣ್ಣನನ್ನು ಕಳೆದುಕೊಂಡ ಒಬ್ಬರು ಆ ಫೋನುಗಳು ತಾಳಲಾರದೆ ನಂಬರನ್ನೇ ಬದಲಾಯಿಸಿದರು.

ವಾಟ್ಸಾಪ್‌ನವರು 2018ರಲ್ಲಿ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಹಾಕಿದ್ದು ಸುಳ್ಳು ಸುದ್ದಿ ತಡೆಯಲಿಕ್ಕೆ. ಇಂಥ ಹಳೇ ಮನವಿಗಳಿಗೆ ಅದು ಪೂರ್ತಿ ಮದ್ದಲ್ಲ.

ದಯವಿಟ್ಟು ಹೀಗೆ ಮಾಡಿ. ದಿನಾಂಕ, ಸಮಯ, ಊರು, ಆಸ್ಪತ್ರೆ ಬರೆಯಿರಿ. "ಈ ದಿನದ ನಂತರ ಹಂಚಬೇಡಿ" ಅಂತ ಮೊದಲ ಸಾಲಿನಲ್ಲೇ ಇರಲಿ. ರಕ್ತ ಸಿಕ್ಕ ಕೂಡಲೇ ಮೂಲ ಪೋಸ್ಟ್ ತಿದ್ದಿ. ಪೋಸ್ಟ್ ಹಾಕುವ ಮೊದಲು ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿ ಹತ್ತಿರದ ರಕ್ತನಿಧಿಯಲ್ಲಿ ಇದೆಯಾ ಅಂತ ನೋಡಿ.

ರಾತ್ರಿ_ಪಾಳಿ

ಇದನ್ನು ಎಲ್ಲರೂ ಓದಬೇಕು. ಕಾಣೆಯಾದ ಮಕ್ಕಳ ಪೋಸ್ಟುಗಳಿಗೂ ಇದೇ ಮಾತು. ಮಗು ಸಿಕ್ಕಿ ಕಾಲೇಜಿಗೆ ಹೋಗುವ ವಯಸ್ಸಾದರೂ ಫೋಟೋ ತಿರುಗುತ್ತಿರುತ್ತದೆ.

ದೂರದ_ಕನ್ನಡಿಗ

ಜರ್ಮನಿಯಿಂದ. ಇಲ್ಲಿ ನಾವು ಸಣ್ಣ ಕನ್ನಡ ಬಳಗ ಕಟ್ಟಿಕೊಂಡಿದ್ದೇವೆ. ರಾಜ್ಯೋತ್ಸವದ ಪೋಸ್ಟ್ ಹಾಕಿದರೆ ಊರಲ್ಲಿರುವ ಅಣ್ಣ ತಮ್ಮಂದಿರೆಲ್ಲ ಲೈಕ್ ಹಾಕುತ್ತಾರೆ, ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಆದರೆ ಬಿಸಿಬೇಳೆಬಾತ್ ಎಷ್ಟು ಜನಕ್ಕೆ ಮಾಡಬೇಕು? ಬರುತ್ತೇವೆ ಅಂತ ಒತ್ತಿದವರನ್ನು ನಂಬಿ ಅಡುಗೆ ಮಾಡಿದ ವರ್ಷ ಪಾತ್ರೆಗಟ್ಟಲೆ ಉಳಿಯಿತು. ಈಗ ಸಣ್ಣ ಮೊತ್ತ ಮುಂಗಡ ತೆಗೆದುಕೊಳ್ಳುತ್ತೇವೆ. ಕೊಟ್ಟವರು ಬರುತ್ತಾರೆ. ನಮ್ಮ ಪೋಸ್ಟಿನ ಗೆಲುವನ್ನು ಕುರ್ಚಿ ನೋಡಿ ಹೇಳುತ್ತೇವೆ.

ನಮ್ಮೂರ_ಹುಡುಗ

ಎಲ್ಲರದೂ ಓದಿದೆ. ಆದರೂ ಒಂದು ಮಾತು. ನಿಮಗೆಲ್ಲ ಬೇರೆ ಸಂಬಳ ಇದೆ, ಬೇರೆ ಕೆಲಸ ಇದೆ. ನನಗೆ ಇದೇ ಕೆಲಸ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಹಣ ಬರಬೇಕಾದರೆ 1000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4000 ಗಂಟೆ ವಾಚ್ ಟೈಮ್ ಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬೇಕು. ಕನ್ನಡದಲ್ಲಿ ಮಾಡುವವನಿಗೆ ಈ ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ಅಂತ ಹತ್ತಿದವರಿಗೇ ಗೊತ್ತು. ಸಂಖ್ಯೆ ನೋಡಬೇಡ ಅಂದರೆ ನನ್ನ ಬಾಡಿಗೆ ಯಾರು ಕಟ್ಟುತ್ತಾರೆ?

ಕವಿತೆ_ಪುಟ

ಈ ಮಾತು ನ್ಯಾಯವಾದದ್ದು. ನಮ್ಮ ಹವ್ಯಾಸದ ಅಳತೆಯನ್ನು ನಿನ್ನ ಹೊಟ್ಟೆಪಾಡಿನ ಮೇಲೆ ಹೇರುವುದು ತಪ್ಪು.

ಅಂಕಿ_ಲೆಕ್ಕ

ಒಪ್ಪಿದೆ. ಆದರೆ ಅದಕ್ಕಾಗಿಯಾದರೂ ಫಾಲೋವರ್ಸ್ ಕೊಳ್ಳುವ ಕಡೆ ಹೋಗಬೇಡ ತಮ್ಮಾ. ಇನ್‌ಬಾಕ್ಸಿಗೆ ಬರುತ್ತಾರಲ್ಲ, ಇಷ್ಟು ದುಡ್ಡಿಗೆ ಇಷ್ಟು ಸಾವಿರ ಅಂತ. ಅಮೆರಿಕದಲ್ಲಿ ಡೆವುಮಿ ಅನ್ನುವ ಕಂಪನಿ ಹೀಗೆ ನಕಲಿ ಫಾಲೋವರ್ಸ್ ಮಾರಿ 2019ರಲ್ಲಿ ಅಲ್ಲಿನ ಕಾನೂನಿಗೆ ಸಿಕ್ಕಿಬಿತ್ತು. ಕೊಂಡ ಖಾತೆಗಳು ನೋಡುವುದಿಲ್ಲ, ಒತ್ತುವುದಿಲ್ಲ. ಫಾಲೋವರ್ಸ್ ಐವತ್ತು ಸಾವಿರ, ಪೋಸ್ಟಿಗೆ ಅರವತ್ತು ಲೈಕ್. ಜಾಹೀರಾತು ಕೊಡುವವರು ಮೊದಲು ನೋಡುವುದೇ ಈ ಅಂತರವನ್ನು.

ಇನ್ನೊಂದು, ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಶುರುವಿನಲ್ಲಿ ಬಿಡಿಸಿ ಹೇಳಿದ್ದಾರೆ. ಅವರ ಲೆಕ್ಕದಲ್ಲಿ ಮುಖ್ಯವಾದದ್ದು ಮೂರು: ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು. ನಿನ್ನನ್ನು ಫಾಲೋ ಮಾಡದವರಿಗೆ ತಲುಪಬೇಕಾದರೆ ಕಳಿಸುವುದಕ್ಕೆ ಬೆಲೆ ಜಾಸ್ತಿ. ಮಿಡಿ ಮೇಡಂ ಅವರ ಫೋಟೋ ಪೋಸ್ಟನ್ನು ಚಿಕ್ಕಮ್ಮಂದಿರು ಮನೆಯ ಗ್ರೂಪಿಗೆ ಕಳಿಸಿದರಲ್ಲ, ಅದನ್ನು ಯೋಚಿಸು. ಇದನ್ನು ಯಾರು ಯಾರಿಗೆ ಕಳಿಸುತ್ತಾರೆ ಅಂತ ಕೇಳಿಕೊಂಡು ವಿಡಿಯೋ ಮಾಡು.

ನಮ್ಮೂರ_ಹುಡುಗ

ಇದು ಕೆಲಸಕ್ಕೆ ಬರುವ ಮಾತು ಸರ್. ನನ್ನ ಬೈಕ್ ರಿಪೇರಿ ವಿಡಿಯೋಗಳಲ್ಲಿ ಕಾರ್ಬುರೇಟರ್ ಕ್ಲೀನ್ ಮಾಡುವುದಕ್ಕೆ ಶೇರ್ ಜಾಸ್ತಿ ಇದೆ, ಹೊಸ ಬೈಕ್ ತೋರಿಸಿದ್ದಕ್ಕೆ ವ್ಯೂಸ್ ಜಾಸ್ತಿ ಇದೆ. ಈಗ ಯಾಕೆ ಅಂತ ಅರ್ಥವಾಗುತ್ತಿದೆ.

ಕರಾವಳಿ_ಚೆಂಡೆ

ಎಲ್ಲ ಸರಿ. ಆದರೆ ಅರ್ಥಗಾರಿಕೆಯ ಹತ್ತು ನಿಮಿಷವನ್ನು ಯಾರೂ ಯಾರಿಗೂ ಕಳಿಸುವುದಿಲ್ಲ. ಹಾಗಂತ ಹಾಕದೇ ಇರಲೇ? ಪುಟ ಬೆಳೆಯಲಿ ಬಿಡಲಿ, ನಾನು ವಾರಕ್ಕೊಂದು ತಾಳಮದ್ದಳೆ ಹಾಕಿಯೇ ಹಾಕುತ್ತೇನೆ. ಸರಿಯಾಗಿ ಕೇಳಿದ ಹಿರಿಯರು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. "ಆ ಪದ್ಯಕ್ಕೆ ಹೀಗೂ ಅರ್ಥ ಹೇಳಬಹುದಿತ್ತು" ಅಂತ. ಅಂಥವರ ಮೆಸೇಜುಗಳನ್ನು ನಾನು ಅಳಿಸದೇ ಇಟ್ಟುಕೊಂಡಿದ್ದೇನೆ. ಮುಂದೆ ಅರ್ಥಗಾರಿಕೆ ಕಲಿಯುವ ಹುಡುಗರಿಗೆ ಅದು ಪಾಠ.

ಹಳೇ_ಕಾಲದವ

ಆ ವಾಯ್ಸ್ ಮೆಸೇಜುಗಳನ್ನು ಫೋನಿನಲ್ಲೇ ಇಡಬೇಡಿ. ಫೋನ್ ಕೆಟ್ಟರೆ ಹೋಯಿತು. ಕಂಪ್ಯೂಟರಿಗೆ ಇಳಿಸಿ, ಕಳಿಸಿದವರ ಒಪ್ಪಿಗೆ ಪಡೆದು, ಯಾವ ಪ್ರಸಂಗದ ಯಾವ ಪದ್ಯ ಅಂತ ಹೆಸರು ಹಾಕಿ ಇಡಿ.

ಕರಾವಳಿ_ಚೆಂಡೆ

ಆಗಲಿ, ಈ ವಾರವೇ ಮಾಡುತ್ತೇನೆ.

ಹೊಸ_ಚಾನೆಲ್

ಗಣಿತದ ಮೇಷ್ಟ್ರಿಗೆ ಒಂದು ಪ್ರಶ್ನೆ. ನಾನು ಪಿಯುಸಿ ಲೆಕ್ಕಶಾಸ್ತ್ರದ ವಿಡಿಯೋ ಈಗ ತಾನೇ ಶುರು ಮಾಡಿದ್ದೇನೆ. ನೋಡುವವರು ಎಷ್ಟು ಕಡಿಮೆ ಅಂದರೆ ಆ ಗ್ರಾಫ್ ಬರುವುದೇ ಇಲ್ಲ. ಚೆನ್ನಾಗಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು?

ಗಣಿತದ_ಮೇಷ್ಟ್ರು

ಗ್ರಾಫ್ ಬರುವವರೆಗೆ ಕಾಯಬೇಡಿ. ಆ ಪಾಠ ಗೊತ್ತಿಲ್ಲದ ಒಬ್ಬ ಹುಡುಗನನ್ನು ಕರೆದು ಕೂರಿಸಿ. ಕೈಗೆ ಫೋನ್, ಮುಂದೆ ನೋಟ್‌ಪುಸ್ತಕ ಕೊಡಿ. ನೀವು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ, ವಿವರಿಸಲು ಹೋಗಬೇಡಿ. ಎಲ್ಲಿ ನಿಲ್ಲಿಸಿದ, ಎಲ್ಲಿ ಹಿಂದಕ್ಕೆ ಎಳೆದ, ಎಲ್ಲಿ ಕಿಟಕಿ ಕಡೆ ನೋಡಿದ, ಬರೆದುಕೊಳ್ಳಿ. ಮುಗಿದ ಮೇಲೆ ವಿಡಿಯೋದಲ್ಲಿ ಇಲ್ಲದ ಒಂದು ಹೊಸ ಲೆಕ್ಕ ಕೊಡಿ. ಬಿಡಿಸಿದರೆ ವಿಡಿಯೋ ಚೆನ್ನಾಗಿದೆ.

ಹೊಸ_ಚಾನೆಲ್

ಅಕ್ಕನ ಮಗ ಇದೇ ವರ್ಷ ಮೊದಲ ಪಿಯುಸಿ ಕಾಮರ್ಸ್ ಸೇರಿದ್ದಾನೆ. ಭಾನುವಾರ ಅವನನ್ನು ಕೂರಿಸುತ್ತೇನೆ. ಸವಕಳಿಯ ಪಾಠದಿಂದ ಶುರು ಮಾಡಲೇ, ಜಮಾ ಖರ್ಚಿನಿಂದಲೇ?

ಗಣಿತದ_ಮೇಷ್ಟ್ರು

ಜಮಾ ಖರ್ಚಿನಿಂದ. ಅಲ್ಲಿ ಎಡವಿದ ಮಕ್ಕಳಿಗೆ ಸವಕಳಿ ಹತ್ತುವುದೇ ಇಲ್ಲ.